ಯಡಹಳ್ಳಿಯ ಇರುಳು

ತುಳಸಿಗೇರಿಯ ಮಾರುತಿಯ ದರ್ಶನಕ್ಕೆ ಹೋಗಿಬರುವ ನಮ್ಮ ವಾಚಕರು ಅದೇ ಸೀಮೆಯ ಯಡಹಳ್ಳಿಯ ಕುರುಚಲು ಗುಡ್ಡಗಳನ್ನು ಬಲ್ಲರು. ಮಳೆ ಕಡಿಮೆ, ಮರ ವಿರಳ, ಬಾನು ಮಾತ್ರ ವಿಶಾಲ. ಬೀಳಗಿ ಮುಧೋಳ ತಾಲೂಕುಗಳ ಈ ಸುಮಾರು 96 ಚದರ ಕಿಲೋಮೀಟರು ನೆಲವನ್ನು ಸರಕಾರವು ಚಿಂಕಾರಗಳ ಅಭಯಾರಣ್ಯವೆಂದು ಸಾರಿರುವುದು ಸ್ತುತ್ಯವೇ ಸರಿ. ಆದರೆ ಅದರ ಮೇಲಣ ಕತ್ತಲೆಗೆ ಅಭಯವನ್ನಿತ್ತವರಾರು?

ಇದು ನಗೆಯ ಪ್ರಶ್ನೆಯಲ್ಲ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರು ಎತ್ತರದ ಒಣಮಲೆಯ ಮೇಲೆ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರ ದೂರದರ್ಶಕವಿದೆ. ಅದರ ದರ್ಪಣದ ಅಗಲ 2 ಮೀಟರು. ಅದನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹದ ಮೂಲಕ ನಡೆಸುವರು! 2022ರಲ್ಲಿ ಅದರ ಸುತ್ತಣ 1,073 ಚದರ ಕಿಲೋಮೀಟರು ಪ್ರದೇಶವು ಕತ್ತಲಾಕಾಶದ ಮೀಸಲೆಂದು ಘೋಷಿತವಾಯಿತು. ಅದೂ ಚಾಂಗ್‌ಥಾಂಗ್ ವನ್ಯಮೃಗಧಾಮದೊಳಗೇ. ಹಳ್ಳಿಗರಿಗೆ ದೀಪ ನಂದಿಸಿರೆಂದು ವಿಧಿಸಲಿಲ್ಲ. ಬೆಳಕನ್ನು ಮರೆಮಾಡಿ ನೆಲಕ್ಕೆ ಬಾಗಿಸಿರೆಂದರು. ಇಂದು ಅಲ್ಲಿಯ ತರುಣ ತರುಣಿಯರೇ ದುರ್ಬೀನು ಹೂಡಿ, ಯಾತ್ರಿಕರಿಗೆ ನಕ್ಷತ್ರಗಳನ್ನು ತೋರಿಸಿ ನಾಲ್ಕು ಕಾಸು ಗಳಿಸುತ್ತಿರುವರು.

ಯಡಹಳ್ಳಿಯು ಹಾನ್ಲೆಯಾಗದು. ಇಲ್ಲಿಯ ಗಾಳಿ ದಟ್ಟ, ಧೂಳು ಹೆಚ್ಚು, ಮಳೆಗಾಲದಲ್ಲಿ ಮೋಡದ ಮುಸುಕು. ಆದರೂ ಮೃಗಶಿರೆ, ಆರಿದ್ರೆಗಳ ಹೆಸರು ಹಿಡಿದು ಬಿತ್ತುವ ನಾಡಿನಲ್ಲಿ, ಆ ತಾರೆಗಳನ್ನು ಬೆರಳಿಟ್ಟು ತೋರಿಸಬಲ್ಲ ಶಾಲಾಬಾಲಕರೆಷ್ಟು ಮಂದಿ? ಮಾಗಿಯ ಒಂದು ನಿರ್ಮಲ ರಾತ್ರಿಯಲ್ಲಿ ಅವರನ್ನು ಗುಡ್ಡದಂಚಿಗೆ ಕರೆದೊಯ್ದರೆ ಸಾಕು, ದುರ್ಬೀನೂ ಬೇಡ.

ಮಾರುತಿಯ ಕಾರ್ತಿಕದ ಎಣ್ಣೆಯ ಹಣತೆಗಳಿಂದ ಆಕಾಶಕ್ಕೆ ಕೇಡಿಲ್ಲ. ಕೇಡು ಮೇಲ್ಮುಖವಾಗಿ ಉರಿಯುವ ವಿದ್ಯುದ್ದೀಪಗಳಿಂದ. ಅರಣ್ಯ ಇಲಾಖೆಯವರೂ ಸುತ್ತಣ ಗ್ರಾಮ ಪಂಚಾಯತಿಗಳವರೂ ಕೂಡಿ, ಇನ್ನು ಮುಂದೆ ನೆಡುವ ಕಂಬಗಳಿಗಾದರೂ ಮರೆಯ ತೊಪ್ಪಿಗೆಯನ್ನು ಕಡ್ಡಾಯ ಮಾಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ.