ಮಳೆಮಾಪಕದ ಬ್ಯಾಟರಿ ಎಷ್ಟು ದಿನ ಬಂದೀತು? ಹತ್ತನೇ ತರಗತಿಯ ವಿದ್ಯುತ್ ಪಾಠಕ್ಕೊಂದು ಚಟುವಟಿಕೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ವಿಜ್ಞಾನ ಪ್ರಶಿಕ್ಷಣಾರ್ಥಿಗಳು ವಿದ್ಯುತ್ ಪಾಠಕ್ಕೆ ಸಾಮಾನ್ಯವಾಗಿ ಒಯ್ಯುವುದು ಬಲ್ಬು, ಶುಷ್ಕಕೋಶ ಮತ್ತು ಆಮ್ಮೀಟರ್. ಬಲ್ಬಿನ ಪ್ರವಾಹ ಸ್ಥಿರ. ಒಮ್ಮೆ ಓದಿದರೆ ಸಾಕು. ಮಕ್ಕಳ ಸುತ್ತಲಿನ ನಿಸ್ತಂತು ಸಾಧನಗಳು ಹಾಗಲ್ಲ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುತ್ತವೆ. ಅವಕ್ಕೆ ಸೌರಫಲಕವಿದೆ, ಆದರೆ ಆಗುಂಬೆ, ಹುಲಿಕಲ್ ಕಡೆ ಮಳೆಗಾಲದಲ್ಲಿ ಬಿಸಿಲೇ ಅಪರೂಪ. ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರ 2008ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ರೇಡಿಯೊ ಪ್ರೇಷಕವನ್ನು ಕಾಳಿಂಗ ಸರ್ಪದ ದೇಹದೊಳಗೇ ಇರಿಸಲಾಯಿತು. ಅಲ್ಲಿ ಬ್ಯಾಟರಿ ಬದಲಿಸುವುದೆಂದರೆ ಮತ್ತೊಂದು ಶಸ್ತ್ರಚಿಕಿತ್ಸೆ. ಆದ್ದರಿಂದ ಬ್ಯಾಟರಿಯ ಲೆಕ್ಕ ಮೊದಲೇ ಸರಿಯಾಗಿರಬೇಕು.

ಒಂದು ಊಹೆಯ ಸಾಧನ ತೆಗೆದುಕೊಳ್ಳೋಣ. ಅದು 900 ಸೆಕೆಂಡಿನಲ್ಲಿ 10 ಸೆಕೆಂಡು ಮಾತ್ರ ಎಚ್ಚರವಿದ್ದು 100 ಮಿಲಿಆಂಪಿಯರ್ ಎಳೆಯುತ್ತದೆ; ಉಳಿದ 890 ಸೆಕೆಂಡು ನಿದ್ರಿಸುತ್ತ 0.02 ಮಿಲಿಆಂಪಿಯರ್ ಎಳೆಯುತ್ತದೆ. ಬ್ಯಾಟರಿ 2000 ಮಿಲಿಆಂಪಿಯರ್-ಗಂಟೆಯದು. ನಿದ್ರೆಯ ಪ್ರವಾಹವನ್ನಷ್ಟೇ ಓದಿದ ವಿದ್ಯಾರ್ಥಿ ‘11 ವರ್ಷ’ ಎನ್ನುತ್ತಾನೆ. ಎಚ್ಚರದ ಪ್ರವಾಹವನ್ನಷ್ಟೇ ಓದಿದವಳು ‘20 ಗಂಟೆ’ ಎನ್ನುತ್ತಾಳೆ. ಇಬ್ಬರ ಓದೂ ನಿಜ, ಇಬ್ಬರ ಉತ್ತರವೂ ತಪ್ಪು. ಆವೇಶ = ಪ್ರವಾಹ × ಕಾಲ ಎಂಬ ಸೂತ್ರ ಇಲ್ಲಿ ಬೇಕು: (100 × 10) + (0.02 × 890) = 1017.8. ಇದನ್ನು 900ರಿಂದ ಭಾಗಿಸಿದರೆ ಸರಾಸರಿ 1.13 ಮಿಲಿಆಂಪಿಯರ್. ಬ್ಯಾಟರಿ ಸುಮಾರು 74 ದಿನ ಬರುತ್ತದೆ. ಜೂನ್ 1ರಂದು ಹಾಕಿದರೆ ಆಗಸ್ಟ್ ನಡುವಿಗೆ, ಇನ್ನೂ ಮಳೆ ಇರುವಾಗಲೇ, ಮುಗಿಯುತ್ತದೆ.

ಮಲ್ಟಿಮೀಟರ್‌ನಿಂದಲೇ ಅಳೆಯಬಾರದೇಕೆ? ಮೈಕ್ರೊಆಂಪಿಯರ್ ವ್ಯಾಪ್ತಿಯಲ್ಲಿ ಮೀಟರಿನ ಒಳರೋಧ 100 ಓಮ್ ಇದ್ದರೆ, 100 ಮಿಲಿಆಂಪಿಯರ್ ಹರಿಯಲು ಅಲ್ಲೇ 10 ವೋಲ್ಟ್ ಬೇಕು. ಬ್ಯಾಟರಿಯಲ್ಲಿ ಅಷ್ಟಿಲ್ಲ, ಎಚ್ಚರವಾಗುವ ಹೊತ್ತಿಗೇ ಸಾಧನ ಆರಿಹೋಗುತ್ತದೆ. ಬದಲಿಗೆ 1 ಓಮ್ ರೋಧಕ ಇಟ್ಟು ಅದರ ವಿಭವಾಂತರ ಅಳೆದರೆ ಎಚ್ಚರದಲ್ಲಿ 0.1 ವೋಲ್ಟ್ ಸಿಗುತ್ತದೆ. ನಿದ್ರೆಯಲ್ಲಿ ಸಿಗುವ 20 ಮೈಕ್ರೊವೋಲ್ಟ್ ಸಾಮಾನ್ಯ ಮೀಟರಿಗೆ ಕಾಣದು.

ಶಾಲೆಗೆ ಒಗ್ಗುವ ದಾರಿ ಇನ್ನೊಂದಿದೆ. ಬಚ್ಚಲ ಹಂಡೆಯಿಂದ ಯಾರು ಯಾವಾಗ ಎಷ್ಟು ಚೊಂಬು ಮೊಗೆದರು ಎಂದು ಕಾಯುವ ಬದಲು, ನೀರಿನ ಮಟ್ಟ ಎಷ್ಟು ಇಳಿಯಿತೆಂದು ನೋಡಿದರೆ ಸಾಕಲ್ಲವೇ? ಇಲ್ಲಿ ಹಂಡೆಯ ಕೆಲಸವನ್ನು ಕೆಪಾಸಿಟರ್ ಮಾಡುತ್ತದೆ. ಸಾಧನವಾಗಿ ಗೋಡೆ ಗಡಿಯಾರ ಸಾಕು. ಅದೂ ಸೆಕೆಂಡಿಗೊಮ್ಮೆ ಮಾತ್ರ ಎಚ್ಚರಗೊಳ್ಳುತ್ತದೆ.

1. ಗಡಿಯಾರ, 1.5 ವೋಲ್ಟ್ ಕೋಶ, 10,000 ಮೈಕ್ರೊಫ್ಯಾರಡ್ ಕೆಪಾಸಿಟರ್ ಮತ್ತು ವೋಲ್ಟ್ ಸ್ಥಾನದಲ್ಲಿರುವ ಮಲ್ಟಿಮೀಟರನ್ನು ಸಮಾಂತರವಾಗಿ ಜೋಡಿಸಿ, ಕೆಲವು ನಿಮಿಷ ಬಿಡಿ.
2. ಕೋಶ ತೆಗೆಯಿರಿ. 1.5ರಿಂದ 1.3 ವೋಲ್ಟ್‌ಗೆ ಇಳಿಯಲು ಹಿಡಿದ ಕಾಲ ಬರೆದುಕೊಳ್ಳಿ.
3. ಸರಾಸರಿ ಪ್ರವಾಹ = ಧಾರಕತೆ × ವೋಲ್ಟ್ ಇಳಿಕೆ ÷ ಕಾಲ. 20 ಸೆಕೆಂಡು ಹಿಡಿದರೆ 0.01 × 0.2 ÷ 20, ಅಂದರೆ 100 ಮೈಕ್ರೊಆಂಪಿಯರ್.
4. ಗಡಿಯಾರವಿಲ್ಲದೆ ಇದನ್ನೇ ಮತ್ತೆ ಮಾಡಿ. ಆಗಲೂ ವೋಲ್ಟ್ ಇಳಿದರೆ ಅದು ಕೆಪಾಸಿಟರಿನ ಸೋರಿಕೆ, ಲೆಕ್ಕದಿಂದ ಕಳೆಯಿರಿ.

ಕೆಪಾಸಿಟರಿನ ಧನ-ಋಣ ತುದಿ ಅದಲುಬದಲಾಗಬಾರದು. ಅದರ ಮೇಲೆ ಮುದ್ರಿಸಿದ ಬೆಲೆಗೂ ನಿಜ ಬೆಲೆಗೂ ಶೇ. 20ರಷ್ಟು ಅಂತರವಿರಬಹುದು, ಫಲಿತಾಂಶವನ್ನು ‘ಸುಮಾರು’ ಎಂದೇ ಬರೆಸಿ. ಆಂಪಿಯರ್ ಸ್ಥಾನದಲ್ಲಿರುವ ಮೀಟರನ್ನು ನೇರ ಕೋಶಕ್ಕೆ ಹಚ್ಚಿದರೆ ಫ್ಯೂಸ್ ಹೋಗುತ್ತದೆ. ವಿಮರ್ಶಾ ಪಾಠದ ವೀಕ್ಷಕರು ಇದನ್ನು ಗಮನಿಸಬೇಕು.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ: ಮೇಲಿನ ಸಾಧನ 30 ನಿಮಿಷಕ್ಕೊಮ್ಮೆ ಕಳುಹಿಸಿದರೆ ಬ್ಯಾಟರಿಯ ಆಯುಸ್ಸು ಸರಿಯಾಗಿ ಇಮ್ಮಡಿಯಾಗುವುದೇ? ಉತ್ತರ ಸುಮಾರು 145 ದಿನ. ಇಮ್ಮಡಿಗೆ ಎರಡು ಮೂರು ದಿನ ಕಡಿಮೆ. ನಿದ್ರೆಯಲ್ಲೂ ಸಾಧನ ಆವೇಶ ಬಳಸುತ್ತದೆ ಎಂಬ ಕಾರಣವನ್ನು ಮಗು ತಾನಾಗಿ ಹೇಳಿದರೆ ಪಾಠ ಮುಟ್ಟಿದೆ ಎಂದು ತಿಳಿಯಬಹುದು.