ರಾಯಚೂರಿನ ವಿದ್ಯಾವಂತರೂ ಪೋರ್ಚುಗೀಸ್ ಭಾಷೆಯೂ

ಇಂಗ್ಲಿಷ್ ಬಲ್ಲವನಿಗೆ ಮತ್ತೊಂದು ಪರಭಾಷೆಯ ಗೊಡವೆ ಏಕೆಂದು ನಮ್ಮ ವಿದ್ಯಾವಂತರಲ್ಲಿ ಅನೇಕರು ಭಾವಿಸಿರುವರು. ಅದರಲ್ಲಿಯೂ ಪೋರ್ಚುಗೀಸ್ ಎಂದೊಡನೆ ಅದು ಗೋವೆಯವರ ವಿಷಯವೆಂದು ನಕ್ಕು ಸುಮ್ಮನಾಗುವರು. ರಾಯಚೂರು, ಮಾನ್ವಿ, ದೇವದುರ್ಗಗಳ ಮಹಾಜನರಾದರೂ ಹಾಗೆ ಸುಮ್ಮನಿರತಕ್ಕದ್ದಲ್ಲವೆಂದು ನಾವು ಬಿನ್ನವಿಸುತ್ತೇವೆ.

ಕಾರಣವು ದೂರದಲ್ಲಿಲ್ಲ, ರಾಯಚೂರಿನ ಕೋಟೆಯಲ್ಲಿಯೇ ಇದೆ. 1520ರಲ್ಲಿ ಶ್ರೀಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಹನನ್ನು ಸೋಲಿಸಿ ಈ ಕೋಟೆಯನ್ನು ಗೆದ್ದ ವೃತ್ತಾಂತವು ಸವಿಸ್ತಾರವಾಗಿ ಉಳಿದಿರುವುದು, 1535ರ ಸುಮಾರಿಗೆ ವಿಜಯನಗರದಲ್ಲಿದ್ದ ನ್ಯೂನಿಜನೆಂಬ ಪೋರ್ಚುಗೀಸನ ಬರಹದಲ್ಲಿ. ಕ್ರಿಸ್ತೋವಾವ್ ದ ಫಿಗೇರೆದೊ ಎಂಬವನು 20 ಮಂದಿ ಕೋವಿಗಾರರೊಡನೆ ಬಂದು ಗೋಡೆಯ ಮೇಲಿನವರನ್ನು ಗುಂಡಿಗೆ ಕೆಡಹಿದ್ದು, ಅಷ್ಟರಲ್ಲಿ ರಾಯನ ಆಳುಗಳು ಕೋಟೆಯ ಕಲ್ಲುಗಳನ್ನು ಕಿತ್ತದ್ದು, ಕೋಟೆಯ ನಾಯಕನು ಹಣೆಗೆ ಗುಂಡು ತಗುಲಿ ಮಡಿದದ್ದು, ಎಲ್ಲವೂ ಅಲ್ಲಿದೆ. ಪ್ಯಾರಿಸಿನಲ್ಲಿದ್ದ ಹಸ್ತಪ್ರತಿಯನ್ನು 1897ರಲ್ಲಿ ದಾವಿದ್ ಲೋಪಿಸರು ಲಿಸ್ಬನ್ನಿನಲ್ಲಿ ಅಚ್ಚುಹಾಕಿಸಿದರು. 1900ರಲ್ಲಿ ರಾಬರ್ಟ್ ಸೆವೆಲ್ ಸಾಹೇಬರು ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು.

ಆ ಅನುವಾದವೇ ಸಾಲದೇ ಎಂದು ಕೇಳಬಹುದು. ಸಾಲದು. ನ್ಯೂನಿಜನು ಈ ಯುದ್ಧಕ್ಕೆ ಕೊಟ್ಟ ವರ್ಷ 1522. ಅದು 1520 ಆಗಿರಬೇಕೆಂದು ಸೆವೆಲರು ನಿರ್ಣಯಿಸಿದ್ದು ಇತರ ಪೋರ್ಚುಗೀಸ್ ಚರಿತ್ರಕಾರರ ಗ್ರಂಥಗಳೊಡನೆ ತಾಳೆ ನೋಡಿದ್ದರಿಂದ. ಭಾಷೆ ಬಾರದವನು ಇಂತಹ ತಪ್ಪನ್ನು ತಿದ್ದಲಾರನು, ತಿದ್ದಿದವರನ್ನು ಪರೀಕ್ಷಿಸಲೂ ಆರನು. ಇನ್ನು ಸ್ಥಳನಾಮಗಳ ತೊಡಕು ಬೇರೆ. ಅವರು ರಾಯಚೂರನ್ನು 'ರಾಶೋಲ್' ಎಂದು ಬರೆದರು. ಅದೇ ಹೆಸರಿನ ಕೋಟೆಯೊಂದು ಗೋವೆಯ ಸಾಷ್ಟಿಯಲ್ಲಿಯೂ ಉಂಟು. ಆದಿಲಶಹನು ದಾಟಿದ ಕೃಷ್ಣೆಯ ಕಡವು ಯಾವುದು, ರಾಯನ ಪಾಳೆಯವು ಎಲ್ಲಿತ್ತು ಎಂಬಿವನ್ನು ಕೃಷ್ಣೆಯನ್ನು ಬಲ್ಲ ದೇವದುರ್ಗದವನು, ತುಂಗಭದ್ರೆಯನ್ನು ಬಲ್ಲ ಮಾನ್ವಿಯವನು ಮೂಲವನ್ನೇ ಮುಂದಿಟ್ಟುಕೊಂಡು ವಿಚಾರಿಸಿದರೆ, ಪರಸ್ಥಳದ ಪಂಡಿತನಿಗೆ ಕಾಣದ್ದು ಅವನಿಗೆ ಕಂಡೀತು.

ಈ ಭಾಷೆಯು ಇಂಗ್ಲಿಷ್ ಬಲ್ಲವರಿಗೆ ದುಸ್ಸಾಧ್ಯವೂ ಅಲ್ಲ. ಲಿಪಿ ಅದೇ, ಲ್ಯಾಟಿನ್ ಮೂಲದ ಶಬ್ದಗಳು ಎರಡರಲ್ಲಿಯೂ ಹೇರಳ, 'ಹಿಸ್ಟರಿ' ಬಲ್ಲವನಿಗೆ 'ಇಸ್ಟೋರಿಯ' ಅಪರಿಚಿತವಾಗದು. ನಾವು ದಿನವೂ ಆಡುವ ಪಗಾರ, ಚಾವಿ, ಬಟಾಟೆ, ಪಾದ್ರಿಗಳೂ ಆ ಭಾಷೆಯಿಂದ ಬಂದವೇ. ಬ್ರೆಜಿಲ್, ಅಂಗೋಲ, ಮೊಜಾಂಬಿಕ್ ಮೊದಲಾದ ದೇಶಗಳಲ್ಲಿ 20 ಕೋಟಿಗೂ ಮೀರಿದ ಜನರು ಅದನ್ನಾಡುವುದರಿಂದ ವ್ಯಾಪಾರಕ್ಕೂ ಉದ್ಯೋಗಕ್ಕೂ ಅನುಕೂಲವುಂಟು.

ನಮ್ಮ ನೆಲವನ್ನು ಆಕ್ರಮಿಸಿದವರ ಭಾಷೆಯನ್ನು ಕಲಿಯುವುದು ಅಭಿಮಾನಕ್ಕೆ ಕುಂದಲ್ಲವೇ ಎಂಬುವರೂ ಇರಬಹುದು. ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆ 1961ರಲ್ಲಿ ಮುಗಿಯಿತು. ಅವರ ಕಾಗದಪತ್ರಗಳು ಪಣಜಿಯ ದಫ್ತರಖಾನೆಯಲ್ಲಿ ಉಳಿದಿವೆ. ಅವುಗಳನ್ನು ಅನ್ಯರು ಓದಿ ಹೇಳಲೆಂದು ಕಾದು ಕುಳಿತಿರುವುದೇ ಅಭಿಮಾನಕ್ಕೆ ಕುಂದು. ಗೋವಾ ವಿಶ್ವವಿದ್ಯಾಲಯದಲ್ಲಿ ಈ ಭಾಷೆಯ ಬೋಧನೆಯುಂಟು. ನಮ್ಮ ಮೂರು ಊರುಗಳಿಂದ ಒಬ್ಬೊಬ್ಬ ತರುಣನಾದರೂ ಇದನ್ನು ಕಲಿತು, ರಾಯಚೂರಿನ ಕಥೆಯನ್ನು ಮೂಲದಿಂದಲೇ ಕನ್ನಡಕ್ಕೆ ತರಲಿ. ಅಂತಹವನಿಗೆ ಊರಿನ ಹಿರಿಯರು ನೆರವಾಗಲಿ ಎಂದು ನಾವು ಹಾರೈಸುತ್ತೇವೆ.