ಕೂಡಿಟ್ಟ ಹಣಕ್ಕೂ ಒಬ್ಬ ಪಾಲಕ ಬೇಕು

ವಿಶೇಷ ಅಗತ್ಯಗಳುಳ್ಳ ಮಕ್ಕಳ ತಂದೆತಾಯಿಗಳು ಎಲ್ಲಿ ಸೇರಿದರೂ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ನಮ್ಮ ನಂತರ ಯಾರು? ನನ್ನ ಮಗನಿಗೆ ಈಗ 21 ವರ್ಷ. ಬೌದ್ಧಿಕ ನ್ಯೂನತೆಯಿದೆ, ದುಡ್ಡಿನ ಲೆಕ್ಕ, ಸಹಿ, ಬ್ಯಾಂಕು ಅವನಿಗೆ ತಿಳಿಯದ ಸಂಗತಿಗಳು. ನನಗೆ 55. ಅವನು ನನ್ನಷ್ಟೇ ಕಾಲ ಬಾಳಿದರೆ, ನಾನಿಲ್ಲದ 34 ವರ್ಷಗಳನ್ನು ಕಳೆಯಬೇಕಾಗುತ್ತದೆ.

ಊರಿಗೆ ಹೋದಾಗಲೆಲ್ಲ ದೊಡ್ಡಮ್ಮ, "ತಂಗಿ ಇದ್ದಾಳಲ್ಲ, ನೋಡ್ಕೊಳ್ತಾಳೆ ಬಿಡು" ಅನ್ನುತ್ತಾರೆ. ಪ್ರೀತಿಯಿಂದ ಹೇಳುವ ಮಾತೇ. ಆದರೆ ಮಗಳಿಗೆ ಇನ್ನೂ 17. ನಾಳೆ ಅವಳ ಓದು, ಕೆಲಸ, ಸಂಸಾರ ಯಾವ ಊರಿನಲ್ಲೋ ಯಾರು ಬಲ್ಲರು? ಮುಂಬಯಿಯ ಈ ಎರಡು ಕೋಣೆಯ ಫ್ಲ್ಯಾಟಿಗೆ ಊರಿನ ಕೂಡುಕುಟುಂಬ ಬರಲಾರದು. ಅಣ್ಣನ ಮೇಲಿನ ಪ್ರೀತಿ ಅವಳದು, ಅವನ ಖರ್ಚಿನ ಹೊಣೆ ನಮ್ಮದು ಎಂದು ನಾನೂ ನನ್ನ ಹೆಂಡತಿಯೂ ಗಟ್ಟಿ ಮಾಡಿಕೊಂಡೆವು. ನಮ್ಮ ಯೋಜನೆ ಶುರುವಾದದ್ದು ಅಲ್ಲಿಂದ.

ಮೊದಲು ಲೆಕ್ಕ. ಅವನೊಬ್ಬನ ಊಟ, ಔಷಧಿ, ಥೆರಪಿ, ನೋಡಿಕೊಳ್ಳುವವರ ಸಂಬಳ ಸೇರಿ ತಿಂಗಳಿಗೆ 20,000 ರೂಪಾಯಿ ಎಂದಿಟ್ಟುಕೊಳ್ಳಿ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷಕ್ಕೆ ಅದು 40,000, 24 ವರ್ಷಕ್ಕೆ 80,000. ಬರೀ ಫಿಕ್ಸೆಡ್ ಡೆಪಾಸಿಟ್ ನಂಬಿದರೆ ಈ ಓಟದಲ್ಲಿ ಹಿಂದೆ ಬೀಳುತ್ತೇವೆ. ಹತ್ತಿರದ ವರ್ಷಗಳಿಗೆ ಬೇಕಾದದ್ದನ್ನು ಬ್ಯಾಂಕಿನಲ್ಲಿಟ್ಟು, ದೂರದ ವರ್ಷಗಳಿಗಾಗಿ ಒಂದು ಪಾಲನ್ನು ಮ್ಯೂಚುವಲ್ ಫಂಡಿನಲ್ಲಿ ಬೆಳೆಸುತ್ತಿದ್ದೇವೆ. ಜೀವವಿಮೆ ಮಾಡಬೇಕಾದದ್ದು ದುಡಿಯುವ ತಂದೆತಾಯಿಯ ಹೆಸರಿನಲ್ಲಿ.

ಎರಡನೆಯದು ಕಾಗದಪತ್ರ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಇಲ್ಲದೆ ಯಾವ ಬಾಗಿಲೂ ತೆರೆಯದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ವೈಕಲ್ಯ, ಈ ನಾಲ್ಕರಲ್ಲಿ ಯಾವುದಿದ್ದರೂ ಕೇಂದ್ರದ ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಶೇ. 40 ಅಥವಾ ಅದಕ್ಕೂ ಮೇಲ್ಪಟ್ಟ ವೈಕಲ್ಯವಿದ್ದರೆ 75,000, ಶೇ. 80 ಅಥವಾ ಅದಕ್ಕೂ ಹೆಚ್ಚಿದ್ದರೆ 1,25,000 ರೂಪಾಯಿ ವಿನಾಯಿತಿಯಿದೆ. ಕೇಂದ್ರ ಸರ್ಕಾರಿ ನೌಕರರ ಕುಟುಂಬ ಪಿಂಚಣಿಯಲ್ಲೂ, ಖಾಸಗಿ ಕಂಪನಿಗಳವರ 1995ರ ಇಪಿಎಫ್ ಪಿಂಚಣಿ ಯೋಜನೆಯಲ್ಲೂ, ನಿಯಮಕ್ಕೆ ಒಳಪಡುವ ವಿಕಲಚೇತನ ಮಕ್ಕಳಿಗೆ ಜೀವನಪೂರ್ತಿ ಪಿಂಚಣಿ ದೊರೆಯುವ ಅವಕಾಶವಿದೆ. ಮಗುವಿನ ಹೆಸರು ಮತ್ತು ವಿವರ ದಾಖಲೆಯಲ್ಲಿ ಸೇರಿದೆಯೇ ಎಂದು ನೌಕರಿಯಲ್ಲಿರುವಾಗಲೇ ನೋಡಿಕೊಳ್ಳಿ.

ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಮಗುವಿಗೆ 18 ತುಂಬಿದೊಡನೆ ಕಾನೂನಿನ ಕಣ್ಣಿಗೆ ಅವನು ವಯಸ್ಕ; ತಂದೆತಾಯಿ ಎಂಬ ಕಾರಣಕ್ಕೇ ಅವನ ಪರವಾಗಿ ಸಹಿ ಹಾಕಲಾಗದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವ ಪಡೆಯಬೇಕು. ಹೀಗೆ ನೇಮಕವಾದ ಪಾಲಕ ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಆಮೇಲೆ ವರ್ಷವರ್ಷವೂ ಲೆಕ್ಕವನ್ನೂ ಒಪ್ಪಿಸಬೇಕು. ನಾವು ಮಗನ 18ನೇ ಹುಟ್ಟುಹಬ್ಬದ ಮರುವಾರವೇ ಅರ್ಜಿ ಕೊಟ್ಟೆವು.

ಇನ್ನು ಉಯಿಲು. ಅದಿಲ್ಲದೆ ನಾನು ತೀರಿಕೊಂಡರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಫ್ಲ್ಯಾಟಿನಲ್ಲಿ ಮಗನಿಗೂ ಸಮಪಾಲು. ನ್ಯಾಯವಾದದ್ದೇ. ಆದರೆ ಆ ಪಾಲನ್ನು ಅವನು ತಾನಾಗಿ ನಿಭಾಯಿಸಲಾರ. ಅವನ ಪರವಾಗಿ ಅಧಿಕಾರವುಳ್ಳವರಿಲ್ಲದಿದ್ದರೆ ತಾಯಿ, ತಂಗಿಯೂ ಮನೆ ಮಾರಿ ಬೇರೆಡೆ ಹೋಗಲು ತೊಡಕು. ಬ್ಯಾಂಕಿನಲ್ಲಿ ನಾಮಿನಿ ಬರೆಸಿದ್ದೇವೆಂದು ನಿಶ್ಚಿಂತರಾಗುವ ಹಾಗಿಲ್ಲ. ನಾಮಿನಿ ಹಣ ಪಡೆದು ವಾರಸುದಾರರಿಗೆ ತಲುಪಿಸಬೇಕಾದವನು, ಅಷ್ಟೇ.

ಅದಕ್ಕೇ ನಾವು 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ಒಂದು ಖಾಸಗಿ ಟ್ರಸ್ಟ್ ಮಾಡಿದೆವು. ಹಣ, ವಿಮೆ, ಮನೆಯ ಪಾಲು ಮಗನ ಹೆಸರಿಗೆ ನೇರ ಹೋಗದೆ ಟ್ರಸ್ಟಿಗೆ ಹೋಗುವಂತೆ ಉಯಿಲು ಬರೆಸಿದೆವು. ಟ್ರಸ್ಟಿಗಳು ಮೂವರು: ನನ್ನ ಹೆಂಡತಿ, ನನಗಿಂತ ಹದಿನೈದು ವರ್ಷ ಚಿಕ್ಕವನಾದ ಅವಳ ತಮ್ಮ, ಲೆಕ್ಕಪತ್ರ ಬಲ್ಲ ಒಬ್ಬ ಸ್ನೇಹಿತರು. ಎಲ್ಲರೂ ನಮ್ಮ ವಯಸ್ಸಿನವರೇ ಆದರೆ ಪ್ರಯೋಜನವಿಲ್ಲ. ಮಗನ ಜೊತೆಯಲ್ಲಿರುವವರೇ ಹಣದ ಪೂರ್ತಿ ಯಜಮಾನರಾಗದಂತೆಯೂ ನೋಡಿಕೊಂಡೆವು. ಒಬ್ಬರು ಖರ್ಚು ಮಾಡಿದ್ದನ್ನು ಇನ್ನೊಬ್ಬರು ನೋಡುವಂತಿರಬೇಕು. ಮಗಳ ಹೆಸರು ಹಾಕಿಲ್ಲ. 25 ದಾಟಿದ ಮೇಲೆ ಬಯಸಿದರೆ ಸೇರಬಹುದು ಎಂದು ಪತ್ರದಲ್ಲಿ ಬರೆಸಿದ್ದೇವೆ. ಬೇಡವೆಂದರೆ ಯಾರೂ ಅವಳನ್ನು ದೂರುವಂತಿಲ್ಲ.

ಇಷ್ಟಾದರೂ ಹಣ ಹೇಳಲಾರದ ಸಂಗತಿಗಳಿವೆ. ಅವಕ್ಕಾಗಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಯಾವ ಮಾತ್ರೆ, ಯಾವ ಹೊತ್ತು, ಯಾವ ಡಾಕ್ಟರು. ಹಸಿವಾದರೆ ಹೇಗೆ ತಿಳಿಸುತ್ತಾನೆ. ಶಾಲೆಯಲ್ಲಿ ಹಿಂದಿ ಕಲಿತರೂ ನೋವಾದಾಗ ಅವನ ಬಾಯಲ್ಲಿ ಬರುವುದು ಕನ್ನಡವೇ. ಆದ್ದರಿಂದ ಮುಂದೆ ಯಾವುದಾದರೂ ವಸತಿ ಕೇಂದ್ರ ಸೇರಿಸುವುದಾದರೆ ಕನ್ನಡ ಬಲ್ಲವರಿರುವ ಜಾಗ ಹುಡುಕಬೇಕು ಎಂದೂ ಬರೆದಿದ್ದೇವೆ. ಮೊನ್ನೆ ಮಗಳು ಅದನ್ನು ಓದಿ ತಾನೇ ಒಂದು ಸಾಲು ಸೇರಿಸಿದಳು: "ಗುಡುಗಿದರೆ ಅಣ್ಣ ಹೆದರುತ್ತಾನೆ, ಕೈ ಹಿಡಿದುಕೊಂಡು ಕೂರಬೇಕು."

ಲಕ್ಷಗಟ್ಟಲೆ ಹಣ ಸೇರಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಪ್ರಮಾಣಪತ್ರಕ್ಕೂ ಪಾಲಕತ್ವದ ಅರ್ಜಿಗೂ ನೋಟ್‌ಬುಕ್ಕಿಗೂ ದೊಡ್ಡ ಮೊತ್ತ ಬೇಡ. ಉಯಿಲು, ಟ್ರಸ್ಟಿಗೆ ಒಬ್ಬ ಒಳ್ಳೆಯ ವಕೀಲರನ್ನು ಕಾಣಿ. ಬರುವ ಭಾನುವಾರ ಗಂಡಹೆಂಡತಿ ಇಬ್ಬರೂ ಕೂತು ನೋಟ್‌ಬುಕ್ಕಿನ ಮೊದಲ ಪುಟ ಬರೆಯಿರಿ.